ಆನ್‌ಲೈನ್ ವ್ಯಾಯಾಮ ತರಗತಿಗೆ ಹೊಸ ಗಿರಾಕಿಗಳನ್ನು ಎಲ್ಲಿ ಹುಡುಕಲಿ?

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು 38. ಫಿಟ್‌ನೆಸ್ ಟ್ರೇನರ್ ಸರ್ಟಿಫಿಕೇಟ್ ಇದೆ. 2020ರ ಲಾಕ್‌ಡೌನ್‌ನಲ್ಲಿ ಜೂಮ್ ಮೂಲಕ ವ್ಯಾಯಾಮದ ತರಗತಿ ಶುರು ಮಾಡಿದೆ. ಬೆಳಗ್ಗೆ 6ಕ್ಕೆ ಒಂದು ಬ್ಯಾಚ್, ಸಂಜೆ 7ಕ್ಕೆ ಒಂದು. ತಿಂಗಳಿಗೆ 1,200 ರೂಪಾಯಿ. ಬಂದವರಲ್ಲಿ ಹೆಚ್ಚಿನವರು ಬೆಂಗಳೂರಿನ ಐಟಿ ಕಂಪನಿಗಳ ಹೆಣ್ಣುಮಕ್ಕಳು. 2021ರಲ್ಲಿ 140 ಜನ ಇದ್ದರು, ಈಗ 46. ಆಫೀಸು, ಜಿಮ್ಮು ತೆರೆದ ಮೇಲೆ ಒಬ್ಬೊಬ್ಬರೇ ಬಿಟ್ಟರು. ಕಳೆದ ವರ್ಷ "30 ದಿನದಲ್ಲಿ 5 ಕೆಜಿ ಇಳಿಸಿ" ಅಂತ ಇನ್‌ಸ್ಟಾಗ್ರಾಂ ಜಾಹೀರಾತಿಗೆ 30,000 ರೂಪಾಯಿ ಹಾಕಿದೆ. 200ಕ್ಕೂ ಜಾಸ್ತಿ ಮೆಸೇಜ್ ಬಂದವು, 9 ಜನ ಸೇರಿದರು, ಉಳಿದವರು ಇಬ್ಬರು. ಫೀಸು 499ಕ್ಕೆ ಇಳಿಸು ಅಂತ ಮನೆಯವರು ಹೇಳುತ್ತಾರೆ. ಅಮೆರಿಕದ ಕನ್ನಡಿಗರನ್ನು ಹುಡುಕು ಅಂತ ಗೆಳತಿ ಹೇಳುತ್ತಾಳೆ. ಈಗಿರುವವರಲ್ಲಿ ಕೆಲವರು ಪಕ್ಕದಲ್ಲಿ ಕುರ್ಚಿ ಹಾಕಿ ತಮ್ಮ ಅಮ್ಮನನ್ನೂ ಕೂರಿಸಿಕೊಳ್ಳುತ್ತಾರೆ, ಅದಕ್ಕೆ ನಾನು ಬೇರೆ ಫೀಸು ತಗೊಳ್ಳುವುದಿಲ್ಲ. ಹೊಸಬರನ್ನು ಎಲ್ಲಿ ಹುಡುಕಲಿ? ಅಥವಾ ನಾನು ಕಲಿಸುವ ರೀತಿಯಲ್ಲೇ ಕೊರತೆ ಇದೆಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ಳೋಣ. ಅದು ಮನಸ್ಸಲ್ಲಿ ಕೊರೆಯುತ್ತಿದ್ದರೆ ಉಳಿದ ಯಾವ ಲೆಕ್ಕವೂ ತಲೆಗೆ ಹೋಗುವುದಿಲ್ಲ.

ಆ 140 ಜನ ಬಂದಾಗ ಊರೆಲ್ಲ ಬಾಗಿಲು ಹಾಕಿತ್ತು. ಜಿಮ್ ಇಲ್ಲ, ಪಾರ್ಕ್ ಇಲ್ಲ, ಆಫೀಸಿಗೆ ಹೋಗುವ ಹಾಗಿಲ್ಲ. ಬಾಗಿಲು ತೆರೆದ ಮೇಲೆ ಜನ ಕಡಿಮೆಯಾಗಿದ್ದು ನಿಮಗೊಬ್ಬರಿಗೇ ಅಲ್ಲ. ಮನೆಯಲ್ಲೇ ಸೈಕಲ್ ತುಳಿಯುವ ವ್ಯವಸ್ಥೆ ಮಾರುವ ಅಮೆರಿಕದ ಪೆಲೋಟನ್ ಕಂಪನಿ ಕೋವಿಡ್ ಕಾಲದಲ್ಲಿ ಬೇಡಿಕೆ ಪೂರೈಸಲಾಗದೆ ಒದ್ದಾಡುತ್ತಿತ್ತು. 2022ರ ಫೆಬ್ರವರಿಯಲ್ಲಿ ಅದೇ ಕಂಪನಿ ಸುಮಾರು 2,800 ಜನರನ್ನು ಕೆಲಸದಿಂದ ತೆಗೆಯಿತು. ಹಾಗಾಗಿ 140ನ್ನು ನಿಮ್ಮ ಅಳತೆಗೋಲು ಮಾಡಿಕೊಳ್ಳಬೇಡಿ. ಎಲ್ಲ ಬಾಗಿಲೂ ತೆರೆದಿರುವಾಗಲೂ ತಿಂಗಳು ತಿಂಗಳು 1,200 ಕೊಟ್ಟು ನಿಮ್ಮ ಜೊತೆ ಉಳಿದಿರುವ 46 ಜನ ಇದ್ದಾರಲ್ಲ, ನಿಮ್ಮ ಕಲಿಸುವಿಕೆಗೆ ಸಿಕ್ಕ ಅಂಕ ಅದು. ಕೊರತೆ ಅಲ್ಲಿಲ್ಲ.

ಇನ್ನು ಈ ವ್ಯವಹಾರದಲ್ಲಿ ಓಡಾಡುವ ಕೆಲವು ನಂಬಿಕೆಗಳು. ಸಣ್ಣ ಉದ್ಯಮದವರಿಗೆ, ಅದರಲ್ಲೂ ಯೋಗ, ಡಯಟ್, ವ್ಯಾಯಾಮದ ತರಗತಿ ನಡೆಸುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಇವನ್ನು ನಾನು ಮೇಲಿಂದ ಮೇಲೆ ಕೇಳುತ್ತಿರುತ್ತೇನೆ.

"ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವಾಗ ನಮಗ್ಯಾಕೆ ದುಡ್ಡು ಕೊಡುತ್ತಾರೆ?" ವಿಡಿಯೋ ನೋಡಿ ತಾನಾಗಿ ಮಾಡಬಲ್ಲವರು ಯಾವತ್ತೂ ನಿಮ್ಮ ಗಿರಾಕಿ ಆಗಿರಲಿಲ್ಲ. ದುಡ್ಡು ಕೊಡುವವರು ವ್ಯಾಯಾಮದ ಮಾಹಿತಿಗೆ ಕೊಡುವುದಿಲ್ಲ. 6 ಗಂಟೆಗೆ ಒಬ್ಬರು ನನಗಾಗಿ ಕಾಯುತ್ತಿರುತ್ತಾರೆ, ಬರದಿದ್ದರೆ ಹೆಸರು ಹಿಡಿದು ಕೇಳುತ್ತಾರೆ, ಮೊಣಕಾಲು ಒಳಗೆ ವಾಲಿದರೆ ತಿದ್ದುತ್ತಾರೆ ಅನ್ನುವುದಕ್ಕೆ ಕೊಡುತ್ತಾರೆ. ವಿಡಿಯೋ ಅದನ್ನು ಮಾಡಲಾರದು.

"ವ್ಯಾಯಾಮ ಎಲ್ಲರಿಗೂ ಬೇಕು, ಹಾಗಾದರೆ ಎಲ್ಲರೂ ನಮ್ಮ ಮಾರುಕಟ್ಟೆ" ಅನ್ನುವುದು ಇನ್ನೊಂದು. ಬೇಕು ಅನ್ನುವುದೇನೋ ನಿಜ. 2022ರ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಹೆಂಗಸರಲ್ಲಿ ಇದು ಶೇ 57 ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2024ರಲ್ಲಿ ಪ್ರಕಟಿಸಿತು. ಆದರೆ ಅಗತ್ಯ ಬೇರೆ, ಗಿರಾಕಿ ಬೇರೆ. ಅಗತ್ಯ ಇದೆ ಅಂತ ತನಗೇ ಅನ್ನಿಸಿ, ಬಿಡುವೂ ಇದ್ದು, ಕೈಯಲ್ಲಿ ದುಡ್ಡೂ ಇದ್ದರೆ ಮಾತ್ರ ಗಿರಾಕಿ. ಮೂರರಲ್ಲಿ ಒಂದು ತಪ್ಪಿದರೂ ಜಾಹೀರಾತು ನೋಡಿ "ಡೀಟೇಲ್ಸ್ ಪ್ಲೀಸ್" ಅಂತ ಮೆಸೇಜ್ ಹಾಕಿ ಸುಮ್ಮನಾಗುತ್ತಾರೆ. ನಿಮಗೆ ಬಂದ 200 ಮೆಸೇಜುಗಳ ಕಥೆ ಅದೇ.

ಫೀಸು ಇಳಿಸುವ ಮಾತು. ಈಗ 46 ಜನರಿಂದ ತಿಂಗಳಿಗೆ 55,200 ಬರುತ್ತಿದೆ. 499ಕ್ಕೆ ಇಳಿಸಿದರೆ ಅಷ್ಟೇ ದುಡ್ಡಿಗೆ 111 ಜನ ಬೇಕು. ಎರಡು ಬ್ಯಾಚಿಗೆ ಹಂಚಿದರೂ ಒಂದೊಂದರಲ್ಲಿ 55 ಜನ. ಅಷ್ಟು ಚೌಕಗಳಲ್ಲಿ ಯಾರ ಬೆನ್ನು ಬಾಗಿದೆ ಅಂತ ನೋಡಲು ಆಗುತ್ತದಾ? ಆಗ ನೀವೂ ಒಂದು ಯೂಟ್ಯೂಬ್ ವಿಡಿಯೋನೇ ಆಗುತ್ತೀರಿ. ದಯವಿಟ್ಟು ಇಳಿಸಬೇಡಿ.

ಜಾಹೀರಾತಿನ ಲೆಕ್ಕ ಇನ್ನೂ ಕಹಿ. 9 ಜನಕ್ಕೆ 30,000 ಅಂದರೆ ತಲೆಗೆ 3,300ಕ್ಕೂ ಜಾಸ್ತಿ, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳ ಫೀಸು. 30 ದಿನದ ಮಾತು ಕೊಟ್ಟು ಕರೆದವರು 30 ದಿನಕ್ಕೇ ಎದ್ದು ಹೋಗುತ್ತಾರೆ. 5 ಕೆಜಿ ಇಳಿದರೆ ಕೆಲಸ ಮುಗಿಯಿತು ಅಂತ ಹೋಗುತ್ತಾರೆ, ಇಳಿಯದಿದ್ದರೆ ಮೋಸ ಅಂತ ಹೋಗುತ್ತಾರೆ. ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಎಲ್ಲರ ಮೈಯೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ ಅಂತ ಗೊತ್ತಿದ್ದೂ ಅಂಥ ಮಾತು ಕೊಡುವುದು ಬೇಡ.

ಹಾಗಾದರೆ ಹೊಸ ಗಿರಾಕಿಗಳು ಎಲ್ಲಿ? ಅದಕ್ಕೆ ಮೊದಲು, ಈಗಿನವರು ಹೇಗೆ ಸಿಕ್ಕರು ಅಂತ ನೋಡಿ. "ಐಟಿ ಹೆಣ್ಣುಮಕ್ಕಳು ನನ್ನ ಮಾರುಕಟ್ಟೆ" ಅಂತ ನೀವು ಯೋಚಿಸಿ ಆರಿಸಿದ್ದಲ್ಲ. ಆರಿಸಿದ್ದು ನಿಮ್ಮ ವೇಳಾಪಟ್ಟಿ.

ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯನ್ನು ನೆನೆಸಿಕೊಳ್ಳಿ. ಬೆಳಗ್ಗೆ 6ಕ್ಕೆ ಆಕೆ ಚಪಾತಿ ಹಿಟ್ಟು ಕಲಸುತ್ತಿರುತ್ತಾಳೆ. ಏಳೂ ಮುಕ್ಕಾಲಿಗೆ ಸ್ಕೂಲ್ ವ್ಯಾನ್, ಅಷ್ಟರಲ್ಲಿ ಎರಡು ಡಬ್ಬಿ ತುಂಬಬೇಕು, ಒಬ್ಬರಿಗೆ ಜಡೆ ಹಾಕಬೇಕು. ಸಂಜೆ 7ಕ್ಕೆ ಒಂದು ಕಡೆ ಹೋಮ್‌ವರ್ಕ್, ಇನ್ನೊಂದು ಕಡೆ ರಾತ್ರಿ ಅಡುಗೆ. ಹಾಲ್‌ನಲ್ಲಿ ಅತ್ತೆಯವರ ಸೀರಿಯಲ್, ಸೋಫಾದಲ್ಲಿ ಮಾವ. ಅವರೆದುರು ಟೀ ಶರ್ಟ್ ಹಾಕಿಕೊಂಡು ನೆಲದ ಮೇಲೆ ಮಲಗಿ ಕಾಲೆತ್ತಲು ಸಾಧ್ಯವಾ? ಆಕೆಗೆ ಬಿಡುವು ಸಿಗುವುದು ತಿಂಡಿ ಮುಗಿದು, ಪಾತ್ರೆ ತೊಳೆದು, ಗಂಡ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನದ ಕುಕ್ಕರ್ ಇಡುವ ಮೊದಲು. ಅಂದರೆ ಹತ್ತೂವರೆಯಿಂದ ಹನ್ನೊಂದೂವರೆ. ಇಲ್ಲವೇ ಮಕ್ಕಳು ಮನೆಗೆ ಬರುವ ಮುಂಚೆ, ಎರಡೂವರೆ ಮೂರರ ಹೊತ್ತಿಗೆ. ಆ ಹೊತ್ತಲ್ಲಿ ನಿಮ್ಮ ಬ್ಯಾಚೇ ಇಲ್ಲ.

ವಯಸ್ಸು, ಊರು, ಸಂಬಳ ಇಟ್ಟುಕೊಂಡು ಜನರನ್ನು ವಿಂಗಡಿಸುವುದು ದೊಡ್ಡ ಕಂಪನಿಗಳಿಗೆ ಸರಿ. ನಿಮ್ಮ ಮಟ್ಟದಲ್ಲಿ ಕೆಲಸಕ್ಕೆ ಬರುವುದು ಬೇರೆ: ಯಾವ ಹೊತ್ತಲ್ಲಿ ಯಾರ ಮನೆಯ ಹಾಲ್ ಖಾಲಿ ಇರುತ್ತದೆ, ಆ ಹೊತ್ತಲ್ಲಿ ಅಲ್ಲಿರುವವರಿಗೆ ಮೈಯಲ್ಲಿ ಯಾವ ತೊಂದರೆ ಕಾಡುತ್ತಿದೆ. ಈ ಎರಡನ್ನೂ ಜೋಡಿಸಿದರೆ ಹಗಲಿನ ಬ್ಯಾಚಿಗೆ ನನಗೆ ಕಾಣುವುದು ಎರಡು ಗುಂಪು, ಹಿರಿಯರು ಮತ್ತು ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ನಡುವಯಸ್ಸಿನ ಹೆಂಗಸರು.

ಹಿರಿಯರ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲೇ ಅದರ ಸುಳಿವು ಇದೆ. ನೀವು ಕರೆಯದೆ, ಜಾಹೀರಾತು ಹಾಕದೆ, ಅಮ್ಮಂದಿರು ಬಂದು ಕುರ್ಚಿಯಲ್ಲಿ ಕೂತಿದ್ದಾರೆ. ಇದಕ್ಕಿಂತ ಒಳ್ಳೆ ಮಾರುಕಟ್ಟೆ ಸಮೀಕ್ಷೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದನ್ನು ನೀವು ಪುಕ್ಕಟೆ ಸೇವೆ ಅಂದುಕೊಂಡಿದ್ದೀರಿ.

ಬಹಳ ಜನ ಹಿರಿಯರು ದಿನಾ ವಾಕಿಂಗ್ ಮಾಡಿದರೆ ಸಾಕು ಅಂತ ನಂಬಿದ್ದಾರೆ. ವಾಕಿಂಗ್ ಒಳ್ಳೆಯದೇ, ಆದರೆ ಅಷ್ಟೇ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಬೀಳುವುದನ್ನು ತಡೆಯಲು ಬೇಕಾದದ್ದು ಅದು. ಆದರೆ "ಫಿಟ್‌ನೆಸ್" ಅನ್ನುವ ಮಾತು ಅವರ ಕಿವಿಗೆ ಹತ್ತುವುದಿಲ್ಲ. ದೇವರ ಮುಂದೆ ಕೂತು ಕೈಯೂರದೆ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಮದುವೆ ಮನೆಯಲ್ಲಿ ಬೇರೆಯವರ ಕೈ ಹಿಡಿಯದೆ ಓಡಾಡುವುದು, ಇವು ಹತ್ತುತ್ತವೆ. ನಿಮ್ಮ ಮಾತು ಅಲ್ಲಿಂದ ಶುರುವಾಗಲಿ. ಬಿದ್ದರೆ ಸೊಂಟ ಮುರಿಯುತ್ತದೆ ಅಂತ ಹೆದರಿಸಿ ಮಾತ್ರ ಮಾರಬೇಡಿ. ಹೆದರಿದವರು ಕುರ್ಚಿ ಬಿಟ್ಟು ಏಳುವುದೇ ಇಲ್ಲ.

ಇಲ್ಲಿ ದುಡ್ಡು ಕೊಡುವವರು ಒಬ್ಬರು, ವ್ಯಾಯಾಮ ಮಾಡುವವರು ಇನ್ನೊಬ್ಬರು. ಮಗಳು ಬೆಂಗಳೂರಲ್ಲೋ ಡಬ್ಲಿನ್‌ನಲ್ಲೋ ಇರುತ್ತಾಳೆ, ಅಪ್ಪ ಅಮ್ಮ ಸಾಗರದಲ್ಲಿ. ಮಗಳಿಗೆ ಬೇಕಾದದ್ದು ಸುರಕ್ಷತೆ, ಮತ್ತೆ ಅಮ್ಮ ನಿಜವಾಗಿ ಬಂದರಾ ಅನ್ನುವ ಸುದ್ದಿ. ಅಮ್ಮನ ಪ್ರಶ್ನೆಗಳೇ ಬೇರೆ: ಮಂಡಿ ನೋಯುತ್ತದಾ, ಏನು ಉಟ್ಟುಕೊಳ್ಳಲಿ, ಗಂಡಸರು ನೋಡುತ್ತಾರಾ. ಮಗಳಿಗೆ ವಾರಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ. ಅಮ್ಮನ ಜೊತೆ ಸೇರುವ ಮೊದಲೇ ಒಂದು ಸಲ ಫೋನಿನಲ್ಲಿ ಮಾತಾಡಿ. ಜೂಮ್ ಲಿಂಕ್ ದಿನಾ ಬದಲಾಗಬಾರದು. ವಾಟ್ಸಾಪ್‌ನಲ್ಲಿ ಪಿನ್ ಮಾಡಿದ ಒಂದೇ ಲಿಂಕ್ ಒತ್ತಿದರೆ ನೀವು ಕಾಣಬೇಕು.

ತೂಕದ ಬದಲು ಬೇರೆ ಅಳತೆ ಇಟ್ಟುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಮಡಚಿ, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸುವುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬೀಳುವ ಅಪಾಯ ತಿಳಿಯಲು ಬಳಸುವ ಪರೀಕ್ಷೆ ಇದು. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಅಪಾಯ ಇದೆ ಅಂತ ಅರ್ಥ. ಮೊದಲ ವಾರ ಬರೆದಿಟ್ಟು, 8 ವಾರದ ನಂತರ ಮತ್ತೆ ಎಣಿಸಿ. 7 ಇದ್ದದ್ದು 10 ಆದರೆ ಅಮ್ಮನಿಗೂ ಖುಷಿ, ಮಗಳಿಗೂ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸುತ್ತದೆ.

ಅಪಾಯ ಎಲ್ಲಿದೆ ಅಂದರೆ, ಅವರು ಬಿದ್ದರೆ ನೀವು ನೂರಾರು ಕಿಲೋಮೀಟರ್ ದೂರ ಇರುತ್ತೀರಿ. ಮನೆಮನೆಯಲ್ಲೂ ಇರುವ ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ನೆಲದ ಮೇಲೆ ಹಿಂದಕ್ಕೆ ಜಾರುತ್ತದೆ. ಭಾರದ ಮರದ ಕುರ್ಚಿ ಬೇಕು, ಅದರ ಬೆನ್ನು ಗೋಡೆಗೆ ತಾಗಿರಬೇಕು. ಕಾಲಿಗೆ ಸಾಕ್ಸ್ ಬೇಡ, ಸೀರೆ ಉಟ್ಟವರು ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಬೇಕು, ಫೋನಿನ ಚಾರ್ಜರ್ ವೈರು ದಾರಿಗೆ ಅಡ್ಡ ಇರಬಾರದು. ಸೇರುವ ಮೊದಲು ಒಂದು ಪ್ರಶ್ನಾವಳಿ: ಎದೆನೋವು, ತಲೆಸುತ್ತು, ಬಿಪಿ ಮಾತ್ರೆ, ಇತ್ತೀಚಿನ ಆಪರೇಷನ್, ಕಳೆದ ವರ್ಷ ಬಿದ್ದದ್ದು. ಯಾವುದಕ್ಕಾದರೂ ಹೌದು ಅಂದರೆ ವೈದ್ಯರ ಒಪ್ಪಿಗೆ ಚೀಟಿ ಬರಲೇಬೇಕು. ತರಗತಿ ಹೊತ್ತಲ್ಲಿ ಮನೆಯಲ್ಲಿ ಇನ್ನೊಬ್ಬರು ಇರಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರ ನಂಬರ್ ನಿಮ್ಮ ಹತ್ತಿರ ಇರಬೇಕು. ಒಂದು ಬ್ಯಾಚಿಗೆ 12 ಜನ ಸಾಕು. ನಿಮ್ಮ ಸರ್ಟಿಫಿಕೇಟ್ ಸಾಮಾನ್ಯ ಫಿಟ್‌ನೆಸ್‌ನದ್ದು ಅನ್ನಿಸುತ್ತದೆ. ಹಾಗಿದ್ದರೆ ಊರಿನ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಫೀಸು ಕೊಟ್ಟು ಅವರ ಜೊತೆ ಕೂತು ಪಾಠಕ್ರಮ ಮಾಡಿ. ಇದರಲ್ಲಿ ಉಳಿತಾಯ ಮಾಡಬೇಡಿ. ಇಷ್ಟು ಗಮನ ಕೊಡುವ ತರಗತಿಗೆ ವಾರಕ್ಕೆ 3 ದಿನ, ತಿಂಗಳಿಗೆ 1,500 ಕೇಳುವುದು ತಪ್ಪಲ್ಲ.

ಇನ್ನು ಸಕ್ಕರೆಯ ಅಂಚಿನಲ್ಲಿರುವವರು. ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಅಂತ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಅಂದಾಜು ಮಾಡಿತು. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಹಾಗಾಗಿ ಇವರಿಗೆ ವ್ಯಾಯಾಮದಿಂದ ನಿಜವಾದ ಲಾಭ ಇದೆ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ವಾರ ಇವರ ಮನಸ್ಸು ಗಟ್ಟಿ ಇರುತ್ತದೆ. ಊರಿನ ಫಿಜಿಷಿಯನ್, ಡಯಟಿಷಿಯನ್‌ಗಳನ್ನು ಕಂಡು ಏನು ಕಲಿಸುತ್ತೀರಿ ಅಂತ ಒಂದು ಪುಟದಲ್ಲಿ ಬರೆದುಕೊಡಿ. ಕಮಿಷನ್ ಮಾತು ಎತ್ತಬೇಡಿ, ವೈದ್ಯರ ನೀತಿ ಸಂಹಿತೆ ಅದನ್ನು ಒಪ್ಪುವುದಿಲ್ಲ.

ಇಲ್ಲಿ ಎರಡು ಕಡೆ ಹುಷಾರಾಗಿರಬೇಕು. "ಶುಗರ್ ವಾಸಿ ಮಾಡುತ್ತೇವೆ", "ಮಾತ್ರೆ ಬಿಡಿಸುತ್ತೇವೆ" ಅನ್ನುವ ಮಾತು ನಿಮ್ಮ ಬಾಯಲ್ಲಾಗಲಿ ಪೋಸ್ಟರ್‌ನಲ್ಲಾಗಲಿ ಬರಬಾರದು. ಇನ್‌ಸ್ಟಾಗ್ರಾಂನಂಥ ಕಡೆ ಆರೋಗ್ಯ ಸಲಹೆ ಕೊಡುವವರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿ ಅಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿಯನ್ನೂ ತಂದಿದೆ. ಎರಡನೆಯದು ಇನ್ನೂ ಮುಖ್ಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜು. ಅಂಥವರ ಪಕ್ಕದಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ನೀರು ಇರಲೇಬೇಕು, ಯಾವಾಗ ತಿಂದು ಬರಬೇಕು ಅನ್ನುವುದನ್ನು ಅವರ ವೈದ್ಯರೇ ಹೇಳಬೇಕು. ಪಾದದಲ್ಲಿ ಸ್ಪರ್ಶ ಕಡಿಮೆ ಆದವರಿಗೆ ಕುಣಿಯುವ, ಹಾರುವ ವ್ಯಾಯಾಮ ಬೇಡ.

ಗೆಳತಿ ಹೇಳಿದ ಅಮೆರಿಕ. ಅವರ ಮಾತು ಅರ್ಧ ಸರಿ. ಕನ್ನಡದಲ್ಲಿ ಎಣಿಸುತ್ತಾ, ಕನ್ನಡದಲ್ಲೇ ತಿದ್ದುವ ಟ್ರೇನರ್ ಅಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಗಡಿಯಾರ ನೋಡಿ. ನ್ಯೂಯಾರ್ಕ್ ಕಡೆಯ ಬೆಳಗ್ಗೆ 7 ನಮಗೆ ಬೇಸಿಗೆಯಲ್ಲಿ ಸಂಜೆ 4:30, ಚಳಿಗಾಲದಲ್ಲಿ 5:30. ಕ್ಯಾಲಿಫೋರ್ನಿಯಾದ 7 ಗಂಟೆ ನಮಗೆ ರಾತ್ರಿ 7:30 ಅಥವಾ 8:30. ಅಂದರೆ ವರ್ಷದಲ್ಲಿ ಸುಮಾರು ಎಂಟು ತಿಂಗಳು ನಿಮ್ಮ ಸಂಜೆ ಬ್ಯಾಚಿನ ಮೇಲೇ ಬೀಳುತ್ತದೆ. ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ತಿರುಗಿಸುತ್ತಾರೆ, ಮಾರನೇ ದಿನ ಅರ್ಧ ಬ್ಯಾಚ್ ತಪ್ಪು ಹೊತ್ತಿಗೆ ಬರುತ್ತದೆ. ದುಬೈ ಸುಲಭ. ಅಲ್ಲಿನ ಬೆಳಗ್ಗೆ 6 ನಮಗೆ 7:30, ನಿಮ್ಮ ಮೊದಲ ಬ್ಯಾಚ್ ಮುಗಿದ ಮೇಲೆ ಹೊಂದುತ್ತದೆ. ಕೊಲ್ಲಿ ದೇಶಗಳಲ್ಲಿ ಕರಾವಳಿಯವರು ಬಹಳ ಜನ ಇದ್ದಾರೆ, ಸಂಘಗಳೂ ಚುರುಕಾಗಿವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಅಮೆರಿಕದಲ್ಲಿ ನೆಲೆಸಿದವರಿಗಿಂತ ಅವರ ಮನೆಗೆ ಬಂದ ಅಪ್ಪ ಅಮ್ಮಂದಿರನ್ನು ಹುಡುಕುತ್ತೇನೆ. ಮಗಳ ಬಾಣಂತನಕ್ಕೆ ಅಂತ ಐದಾರು ತಿಂಗಳು ಹೋಗುತ್ತಾರೆ. ಕಾರು ಓಡಿಸಲು ಬರುವುದಿಲ್ಲ, ಹೊರಗೆ ಹಿಮ, ಮಾತಾಡಲು ಜನ ಇಲ್ಲ. ಕನ್ನಡದಲ್ಲಿ ಹತ್ತು ಜನ ಸೇರಿ ಕುರ್ಚಿ ವ್ಯಾಯಾಮ ಮಾಡುವ ಅರ್ಧ ಗಂಟೆ ಅವರಿಗೆ ದೊಡ್ಡದು. ಕನ್ನಡ ಕೂಟಗಳ ಮೂಲಕ ಒಂದು ಪರಿಚಯ ತರಗತಿ ಕೊಡಬಹುದು. ತೊಡಕು ಏನೆಂದರೆ, ಅಲ್ಲಿ ಆಸ್ಪತ್ರೆ ಖರ್ಚು ವಿಪರೀತ, ಏಟಾದರೆ ಕೋರ್ಟ್ ಮಾತೂ ಬರಬಹುದು. ಲಿಖಿತ ಒಪ್ಪಿಗೆ ಪತ್ರ ಇಲ್ಲದೆ, ಒಬ್ಬ ವಕೀಲರಿಗೆ ತೋರಿಸದೆ ಶುರು ಮಾಡಬೇಡಿ. ವರ್ಷದ ವಹಿವಾಟು 20 ಲಕ್ಷದ ಹತ್ತಿರ ಬಂದರೆ ಜಿಎಸ್‌ಟಿ ನೋಂದಣಿ ಬಗ್ಗೆ, ವಿದೇಶದ ಹಣ ಬರುವ ದಾರಿ ಬಗ್ಗೆ ಸಿಎ ಹತ್ತಿರ ಕೇಳಿಕೊಳ್ಳಿ.

ಬಾಣಂತಿಯರಿಗೇ ತರಗತಿ ಮಾಡಿದರೆ ಹೇಗೆ ಅಂತ ನಿಮಗೆ ಅನ್ನಿಸಬಹುದು. ಬೇಡಿಕೆ ಇದೆ. ಆದರೆ ಹೆರಿಗೆಯ ನಂತರ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡಿರುತ್ತದೆ, ಕೆಲವರಿಗೆ ಕೆಮ್ಮಿದರೆ ಮೂತ್ರ ಜಾರುತ್ತದೆ, ಸಿಸೇರಿಯನ್ ಆದವರ ಗಾಯ ಒಳಗೆ ಮಾಯಲು ಹೆಚ್ಚು ಕಾಲ ಬೇಕು. ಅಂಥವರಿಗೆ ಸಾಮಾನ್ಯ ಕ್ರಂಚಸ್ (ಮಲಗಿ ತಲೆ, ಭುಜ ಎತ್ತುವ ಹೊಟ್ಟೆಯ ವ್ಯಾಯಾಮ) ಮಾಡಿಸಿದರೆ ಕೆಡುಕಾಗಬಹುದು. ಇದಕ್ಕೇ ಇರುವ ತರಬೇತಿ ಮುಗಿಸುವವರೆಗೆ ಈ ಗುಂಪು ಬೇಡ ಅಂತಲೇ ನನ್ನ ಸಲಹೆ.

ಕಂಪನಿ, ಬ್ಯಾಂಕುಗಳಿಗೆ ಒಟ್ಟಾಗಿ ತರಗತಿ ಕೊಡುವುದು ಕೇಳಲು ಚೆನ್ನ. ಅನುಮತಿಗೆ ತಿಂಗಳುಗಳು, ಹಣ ಬರಲು ಇನ್ನಷ್ಟು ತಿಂಗಳು. ಒಬ್ಬರೇ ನಡೆಸುವ ಉದ್ಯಮಕ್ಕೆ ಈಗ ಅದು ಭಾರ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ವಾರ ಬಿಟ್ಟು ಹೋದ ಹತ್ತು ಹದಿನೈದು ಜನಕ್ಕೆ ಫೋನ್ ಮಾಡಿ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಮುಜುಗರಕ್ಕೆ "ಟೈಮ್ ಆಗಲಿಲ್ಲ" ಅನ್ನುತ್ತಾರೆ ಅಷ್ಟೆ. ಬದಲಿಗೆ, ಆ ಹೊತ್ತಲ್ಲಿ ಈಗ ಏನು ಮಾಡುತ್ತಿದ್ದೀರಿ ಅಂತ ಕೇಳಿ. ಟ್ರಾಫಿಕ್‌ನಲ್ಲಿದ್ದೇನೆ, ಮಗುವನ್ನು ರೆಡಿ ಮಾಡುತ್ತಿದ್ದೇನೆ, ಜಿಮ್‌ಗೆ ಹೋಗುತ್ತಿದ್ದೇನೆ. ಉತ್ತರದಲ್ಲೇ ಹೊಸ ಬ್ಯಾಚಿನ ಹೊತ್ತು ಸಿಗುತ್ತದೆ. ಹಾಗೇ ತಮ್ಮ ಅಮ್ಮಂದಿರನ್ನು ಕೂರಿಸಿಕೊಳ್ಳುವ ಹೆಣ್ಣುಮಕ್ಕಳನ್ನು ಕೇಳಿ: ಹತ್ತೂವರೆಗೆ ಅವರಿಗೇ ಅಂತ ಬೇರೆ ಬ್ಯಾಚ್ ಮಾಡಿದರೆ ಕಳಿಸುತ್ತೀರಾ, ಗೊತ್ತಿರುವ ಇನ್ನೊಬ್ಬ ಅಮ್ಮನನ್ನು ಸೇರಿಸುತ್ತೀರಾ? ಮೊದಲ 8, 10 ಜನ ಅಲ್ಲಿಂದಲೇ ಬರಬೇಕು, ಜಾಹೀರಾತಿನಿಂದಲ್ಲ.

ಪರಿಚಯದ ಒಂದು ತರಗತಿ ಪುಕ್ಕಟೆ ಇರಲಿ, ಮೊದಲ ತಿಂಗಳಿಂದಲೇ ಪೂರ್ತಿ ಫೀಸು ತಗೊಳ್ಳಿ. ಪುಕ್ಕಟೆ ತಿಂಗಳಲ್ಲಿ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಪರಿಚಯಕ್ಕೆ ಬಂದವರೆಷ್ಟು, ದುಡ್ಡು ಕೊಟ್ಟವರೆಷ್ಟು, ಎರಡನೇ ತಿಂಗಳು ಮತ್ತೆ ಕೊಟ್ಟವರೆಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರನೆಯದೇ ನಿಜವಾದ ಸಂಖ್ಯೆ. ಹತ್ತರಲ್ಲಿ ಏಳು ಜನ ಉಳಿದರೆ ಅದೇ ಹೊತ್ತಿಗೆ ಬೇರೆ ದಿನಗಳಲ್ಲಿ ಇನ್ನೊಂದು ಬ್ಯಾಚ್ ತೆರೆಯಿರಿ. ನಾಲ್ಕಕ್ಕಿಂತ ಕಡಿಮೆ ಆದರೆ ಉಳಿದವರಿಗೆ ಹೇಳಿ ಆ ಬ್ಯಾಚ್ ನಿಲ್ಲಿಸಿ, ಸಕ್ಕರೆಯ ಗುಂಪಿಗೆ ಅದೇ ಹೊತ್ತು ಕೊಟ್ಟು ನೋಡಿ. ಅಷ್ಟೂ ದಿನ 6 ಮತ್ತು 7ರ ಬ್ಯಾಚುಗಳನ್ನು ಈಗಿರುವಂತೆಯೇ ನಡೆಸಿ. ಮನೆ ಖರ್ಚಿಗೆ ಆಧಾರ ಆ 46 ಜನ, ಹೊಸಬರ ಗಡಿಬಿಡಿಯಲ್ಲಿ ಅವರ ಒಂದು ತರಗತಿಯೂ ತಪ್ಪಬಾರದು.